ತೋಳಿನ ಮೇಲಿನ ರಸೀದಿ



ಇವತ್ತು ಜುಲೈ 1, ವೈದ್ಯರ ದಿನ. ಡಾ. ಬಿ.ಸಿ. ರಾಯ್ ಅವರ ನೆನಪಿನಲ್ಲಿ 1991ರಿಂದ ಆಚರಿಸ್ತಾ ಬಂದಿರೋ ದಿನ. ಬೆಳಗ್ಗೆಯಿಂದ ನಮ್ಮ ಸ್ಟುಡಿಯೋಗೆ ಹೃದಯ ತಜ್ಞರು, ಮೂಳೆ ತಜ್ಞರು, ಮಕ್ಕಳ ತಜ್ಞರು ಬಂದು ಹೋದರು. ಅವರೆಲ್ಲರಿಗೂ ಗೌರವಪೂರ್ವಕ ನಮಸ್ಕಾರ. ಉಳಿದಿರೋ ಈ ಸ್ವಲ್ಪ ಹೊತ್ತಿನಲ್ಲಿ ಡಾಕ್ಟರ್ ಅಲ್ಲದ ಒಬ್ಬರ ಬಗ್ಗೆ ಮಾತಾಡ್ತೀನಿ. ಅವರು ನಮ್ಮಜ್ಜ. ನಮ್ಮ ತಾಯಿಯ ತಂದೆ.

ಊರು ಸಂಗೊಳ್ಳಿ. ಬೈಲಹೊಂಗಲ ತಾಲೂಕು, ಮಲಪ್ರಭೆಯ ದಂಡೆ. ಹೆಸರು ಕೇಳಿದ ಕೂಡಲೇ ನಿಮಗೆ ರಾಯಣ್ಣ ನೆನಪಾಗ್ತಾನೆ, ಆಗಲೇಬೇಕು. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ವೀರನ ಊರು ಅದು. ಅದೇ ಊರಲ್ಲಿ ನಮ್ಮಜ್ಜ ಬೇರೊಂದು ಶತ್ರುವಿನ ಜೊತೆ ಕಾದಾಡಿದರು. ಅವರ ಹತ್ತಿರ ಇದ್ದದ್ದು ಒಂದು ಸೈಕಲ್ಲು, ಒಂದು ಸೂಜಿ, ಮತ್ತೆ ಸುಮ್ಮನಿರಲಾರದ ಒಂದು ಬಾಯಿ.

ಶತ್ರುವಿನ ಹೆಸರು ಸಿಡುಬು. ಇವತ್ತಿನ ಹುಡುಗರಿಗೆ ಅದು ಪರೀಕ್ಷೆಯಲ್ಲಿ ಬರೋ ಒಂದು ಮಾರ್ಕಿನ ಪ್ರಶ್ನೆ. ಆಗ ಹಾಗಿರಲಿಲ್ಲ. ಬಂದವರಲ್ಲಿ ಹತ್ತಕ್ಕೆ ಮೂವರು ಸಾಯ್ತಿದ್ದರು. ಉಳಿದವರ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗ್ತಿತ್ತು. ಬಂದ ಮೇಲೆ ಔಷಧ ಇರಲಿಲ್ಲ. ಬರದ ಹಾಗೆ ನೋಡಿಕೊಳ್ಳೋದೊಂದೇ ದಾರಿ. 1962ರಲ್ಲಿ ದೇಶದಲ್ಲಿ ಸಿಡುಬು ನಿರ್ಮೂಲನೆಯ ಕಾರ್ಯಕ್ರಮ ಶುರುವಾಯ್ತು. ಲಸಿಕೆ ಹಾಕೋ ಕೆಲಸಕ್ಕೆ ಸೇರಿದವರಲ್ಲಿ ನಮ್ಮಜ್ಜ ಒಬ್ಬರು. ಊರವರ ಬಾಯಲ್ಲಿ ಅವರು 'ಸೂಜಿ ಮಾಸ್ತರ' ಆದರು.

ಆ ದಿನಗಳಲ್ಲಿ ಲಸಿಕೆ ಹಾಕೋದಕ್ಕೆ ಇದ್ದದ್ದು ಹಲ್ಲಿನ ಚಕ್ರದಂಥ ಒಂದು ಸಾಧನ. ಅದನ್ನು ತೋಳಿನ ಮೇಲಿಟ್ಟು ತಿರುಗಿಸಬೇಕು. ಜೀವ ಹೋಗುವಷ್ಟು ಉರಿ. ಸೈಕಲ್ ಗಂಟೆ ಕೇಳಿದ್ರೆ ಸಾಕು, ಮಕ್ಕಳು ಕಣಜದೊಳಗೆ, ಮೇವಿನ ಬಣವೆಯ ಹಿಂದೆ. ಆಮೇಲೆ ಎರಡು ಮೊನೆಯ ಸೂಜಿ ಬಂತು. ಒಂದು ಹನಿ ಲಸಿಕೆ, ಹದಿನೈದು ಸಲ ಮೆತ್ತಗೆ ಚುಚ್ಚು, ಮುಗೀತು. ಸೂಜಿ ಸಣ್ಣದಾದರೂ ಭಯವೇನೂ ಸಣ್ಣದಾಗಲಿಲ್ಲ. ಯಾಕಂದ್ರೆ ಸಿಡುಬು ಅಂದರೆ ಜನಕ್ಕೆ ರೋಗ ಅಲ್ಲ, ಅವ್ವ ಮನೆಗೆ ಬಂದಂತೆ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ ಮನೆಯಲ್ಲಿ 'ಲಸಿಕೆ ಹಾಕ್ತೀನಿ' ಅಂದ್ರೆ ದೇವಿಯನ್ನೇ ತಡೆದಂತೆ.

ಇಲ್ಲಿ ಕೆಲಸಕ್ಕೆ ಬಂದದ್ದು ಅಜ್ಜನ ಬಾಯಿ. ಅವರು ಯಾರ ನಂಬಿಕೆಯನ್ನೂ ಆಡಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳ್ತಿದ್ದರಂತೆ: "ನೋಡಬೇ ತಂಗಿ, ಅವ್ವನ ಹೆಸರ್ಲೇ ತೋಳಿನ ಮ್ಯಾಲ ಒಂದು ರಸೀದಿ ಹಾಕಿ ಕೊಡತೀನಿ. ಅಕಿ ಬಂದಾಗ ತೋರ್ಸು. 'ಇಲ್ಲಿ ಲೆಕ್ಕಾ ಚುಕ್ತಾ ಆಗೇತಿ' ಅಂತ ಮುಂದಿನ ಮನಿಗೆ ಹೋಗ್ತಾಳ." ಈ ಮಾತು ಮುಗಿಯೋ ಹೊತ್ತಿಗೆ ಮುಂದಿನ ಮನೆಯವರೂ ತೋಳು ಚಾಚಿಕೊಂಡು ನಿಂತಿರುತ್ತಿದ್ದರು!

ಒಂದು ಸಲ ಮಾತ್ರ ಸೋತೆ ಅಂತ ಅವರೇ ಹೇಳಿ ನಗ್ತಿದ್ದರು. ಅಳ್ತಿದ್ದ ಒಬ್ಬ ಹುಡುಗನಿಗೆ, "ರಾಯಣ್ಣನ ಊರಾಗ ಹುಟ್ಟಿ ಒಂದು ಸೂಜಿಗೆ ಅಳತೀ ಏನಲೇ?" ಅಂದರಂತೆ. ಹುಡುಗ ಕಣ್ಣೊರೆಸಿಕೊಂಡು, "ರಾಯಣ್ಣನ ಕೈಯಾಗ ಕತ್ತಿ ಇತ್ತರೀ. ನನ್ನ ಕೈಯಾಗೂ ಒಂದು ಕೊಡ್ರಿ, ಆಮ್ಯಾಲೆ ಚುಚ್ಚರಿ ನೋಡೂಣು" ಅಂದನಂತೆ.

ಔಷಧಕ್ಕೂ ನಗೆಗೂ ನಂಟು ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮಗೆಲ್ಲ ಗೊತ್ತಿರೋ 'ರಾಶಿ', 1942ರಲ್ಲಿ 'ಕೊರವಂಜಿ' ಅನ್ನೋ ಹಾಸ್ಯ ಪತ್ರಿಕೆ ಶುರು ಮಾಡಿ 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆದರು, ಟಿ. ಸುನಂದಮ್ಮ ಲೇಖನ ಬರೆದರು. ಅದೇ ರಾಶಿಯವರು ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೈಲಹೊಂಗಲಕ್ಕೆ ಹೋದಾಗ ಅಜ್ಜ ವಾಚನಾಲಯದಲ್ಲಿ ರಾಶಿಯವರನ್ನು ಓದಿಕೊಂಡು ಬರ್ತಿದ್ದರು. "ಅವರು ಡಾಕ್ಟರು, ಅದಕ್ಕ ನಗೀನ ಅಚ್ಚು ಹಾಕಿಸ್ಯಾರ. ನಾ ಬರೇ ಸೂಜಿ ಮಾಸ್ತರ, ಮನಿ ಮನಿಗೆ ಹೊತ್ತುಕೊಂಡು ಹೋಗಿ ಕೊಡತೀನಿ" ಅನ್ನೋರು.

1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂತು. ಹೊಸ ರೋಗಿಯನ್ನು ತೋರಿಸಿಕೊಟ್ಟವರಿಗೆ 1,000 ರೂಪಾಯಿ ಬಹುಮಾನ ಅಂತ ಸರ್ಕಾರ ಸಾರಿತು. ಆ ಕಾಲಕ್ಕೆ ದೊಡ್ಡ ಮೊತ್ತ. ಅಜ್ಜ ಸೈಕಲ್ ತುಳಿದು ಊರೂರು ಹುಡುಕಿದರು, ಒಬ್ಬನೂ ಸಿಗಲಿಲ್ಲ. "ಸಾವಿರ ರೂಪಾಯಿ ಸಿಗಲಿಲ್ಲಂತ ಕುಣಿದಾಡಿದ ಮನಷ್ಯಾ ಅಂದ್ರ ನಾ ಒಬ್ಬನ ನೋಡು" ಅನ್ನೋರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯ್ತು ಅಂತ ಘೋಷಿಸಿತು.

2021ರ ಮಾರ್ಚ್. 60 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಗಿತ್ತು. ಅದರ ಬೆನ್ನಿಗೇ ವಾಟ್ಸಾಪಲ್ಲಿ ಗಾಳಿಮಾತುಗಳೂ ಶುರುವಾಗಿದ್ದವು: ಹಾಕಿಸಿಕೊಂಡ್ರೆ ಹೀಗಾಗ್ತದೆ, ಹಾಗಾಗ್ತದೆ. ಊರಲ್ಲಿ ಜನ ಹಿಂದೆ ಮುಂದೆ ನೋಡ್ತಿದ್ದರು. ಆಗ ಅಜ್ಜನಿಗೆ 86. ಕೋಲೂರಿಕೊಂಡು ಸರ್ಕಾರಿ ದವಾಖಾನೆಗೆ ನಡೆದು ಹೋದರು. ನರ್ಸ್ ಆಗಿದ್ದ ಹುಡುಗಿ, ಅಜ್ಜ ಎಂದೋ ಲಸಿಕೆ ಹಾಕಿದ್ದ ಒಬ್ಬರ ಮೊಮ್ಮಗಳು. ಅಜ್ಜ ತೋಳು ಚಾಚಿ, ಹೊರಗೆ ನಿಂತವರಿಗೂ ಕೇಳೋ ಹಾಗೆ ಹೇಳಿದರು: "ಚುಚ್ಚವಾ, ಚುಚ್ಚು. ನಿಮ್ಮಜ್ಜಗ ಚುಚ್ಚಿದ್ದೆ. ಇವತ್ತ ಬಡ್ಡಿ ಸಮೇತ ವಸೂಲಿ ಮಾಡ್ಕೊ." ನಗು ಎದ್ದಿತು. ನಗುವಿನ ಹಿಂದೆಯೇ ಸಾಲೂ ಬೆಳೀತು.

ಮರುವರ್ಷ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ, ಹಾಸಿಗೆಯ ಪಕ್ಕ ಬಂದ ಎಳೆಯ ಡಾಕ್ಟರು "ಏನಿಲ್ಲ ಅಜ್ಜಾರ, ಆರಾಮ ಆಗತೈತಿ" ಅಂದರು. ಅಜ್ಜ ನಕ್ಕರು. "ನಾನೂ ಹಿಂಗ ಹೇಳತಿದ್ದೆ ಡಾಕ್ಟ್ರ. ಆಗೂದಿಲ್ಲ ಅಂತ ಗೊತ್ತಾದಾಗ." ಆಮೇಲೆ ಆ ಡಾಕ್ಟರ ಕೈ ಹಿಡಿದು, "ಆದ್ರೂ ಹೇಳೂದು ಬಿಡಬ್ಯಾಡ್ರಿ" ಅಂದರು.

ವೀಕ್ಷಕರೇ, ನಾನು ಇಂಜಿನಿಯರಿಂಗ್ ಓದಿದವನು. ಸೇತುವೆ ಬಿದ್ದರೆ ಇಂಜಿನಿಯರ್ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಬೀಳದೇ ನಿಂತ ಸೇತುವೆಯ ಇಂಜಿನಿಯರ್ ಯಾರು ಅಂತ ಯಾರೂ ಕೇಳಲ್ಲ. ಆರೋಗ್ಯವೂ ಹಾಗೇ. ಬದುಕಿಸಿದವರಿಗೆ ಹಾರ ಹಾಕ್ತೀವಿ. ಕಾಯಿಲೆಯೇ ಬರದ ಹಾಗೆ ನೋಡಿಕೊಂಡವರಿಗೆ ಯಾರು ಹಾರ ಹಾಕೋದು? ಯಾರಿಗೆ ಜೀವ ಉಳೀತು ಅಂತ ಅವರಿಗೂ ಗೊತ್ತಿಲ್ಲ, ಉಳಿದವರಿಗೂ ಗೊತ್ತಿಲ್ಲ. ಇವತ್ತೂ ನಿಮ್ಮ ಬಾಗಿಲಿಗೆ ಬರೋ ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಅದೇ ಕೆಲಸದಲ್ಲಿದ್ದಾರೆ. ಅವರು ಕೈಯಲ್ಲಿ ಲಸಿಕೆ ತರ್ತಾರೆ. ಅದು ತೋಳಿಗೆ ಹೋಗಬೇಕಾದ್ರೆ ನಮ್ಮ ನಂಬಿಕೆ ಬೇಕು. ಒಂದು ಫಾರ್ವರ್ಡ್ ಸಂದೇಶ ಆ ನಂಬಿಕೆಯನ್ನ ಒಂದೇ ಸಂಜೆಯಲ್ಲಿ ಮುರೀಬಹುದು. ಕಟ್ಟೋಕೆ ಸೈಕಲ್ಲಿನ ಮೇಲೆ ಒಂದು ಇಡೀ ಆಯುಷ್ಯ ಬೇಕಾಯ್ತು.

ಮನೆಯಲ್ಲಿ 50 ದಾಟಿದ ಹಿರಿಯರಿದ್ದರೆ ಇವತ್ತು ಅವರ ತೋಳು ನೋಡಿ, ಸಿಡುಬಿನ ಲಸಿಕೆಯ ಗುರುತು ಇದೆಯಾ ಅಂತ ಕೇಳಿ. ಹಾಕಿದವರು ಯಾರು, ಅವತ್ತು ಏನಾಯ್ತು ಅಂತಾನೂ ಕೇಳಿ. ಒಂದು ಕತೆ ಸಿಕ್ಕೇ ಸಿಗುತ್ತೆ.

ನಾನು ಈ ಕೆಲಸಕ್ಕೆ ಸೇರಿದ ಮೇಲೆ ಅಜ್ಜ ಫೋನಿನಲ್ಲಿ ಆಗಾಗ ಒಂದು ಪ್ರಶ್ನೆ ಕೇಳ್ತಿದ್ದರು. "ಅಲ್ಲೋ ತಮ್ಮಾ, ದಿನಾ ಬ್ರೇಕಿಂಗ್ ನ್ಯೂಸ್ ಅಂತ ಒದರತೀ. ನಾವು ದುಡಿದ ಸುದ್ದಿ ಒಂದ ದಿನಾನೂ ಓದಲಿಲ್ಲಲ್ಲೋ?"

ಓದ್ತೀನಿ ಅಜ್ಜಾ. ಇಂದಿನ ಮುಖ್ಯ ಸುದ್ದಿ: ಸಂಗೊಳ್ಳಿಯಲ್ಲಿ, ಬೈಲಹೊಂಗಲದಲ್ಲಿ, ಕರ್ನಾಟಕದಲ್ಲಿ, ಇಡೀ ಜಗತ್ತಿನಲ್ಲಿ ಇವತ್ತು ಒಬ್ಬರಿಗೂ ಸಿಡುಬು ಬಂದಿಲ್ಲ.