ಉದ್ಯಮದ ಕವಲುಗಳು



ಒಂದು ಕಂಪೆನಿಯು ಹಳೆಯ ಕಸುಬಿನಿಂದ ಹೊಸ ಕಸುಬಿಗೆ ಕವಲೊಡೆಯುವಾಗ ತನ್ನೊಡನೆ ಕೊಂಡೊಯ್ಯುವುದು ಏನನ್ನು? ಬಂಡವಾಳವನ್ನೆಂದು ಥಟ್ಟನೆ ಉತ್ತರ ಬರಬಹುದು. ಬಂಡವಾಳವು ಸಾಲವಾಗಿಯೂ ದೊರೆತೀತು. ಹಾಗೆ ದೊರೆಯದಿರುವುವು ಎರಡು: ಕೆಲಸಗಾರನ ಕೈಚಳಕ, ಗಿರಾಕಿಯ ನಂಬಿಕೆ. ಇವೆರಡರ ವ್ಯತ್ಯಾಸವನ್ನು ತಿಳಿಯಲು ನಾವು ದೂರ ಹೋಗಬೇಕಾದುದಿಲ್ಲ.

1953ರಲ್ಲಿ ಭಾರತ ಸರ್ಕಾರವು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಸಂಸ್ಥೆಯ ಕಸುಬು, ಯಂತ್ರಗಳನ್ನು ತಯಾರಿಸತಕ್ಕ ಯಂತ್ರಗಳನ್ನು ಮಾಡುವುದು. ಲೋಹವನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಕೊರೆಯಬಲ್ಲವರಿಗೆ ಕೈಗಡಿಯಾರವು ಅಸಾಧ್ಯವೆ? 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಅದೂ ಆಯಿತು. ಮುಂದೆ ಟ್ರ್ಯಾಕ್ಟರುಗಳೂ ಮುದ್ರಣಯಂತ್ರಗಳೂ ಬಂದುವು. ಎಲ್ಲದರ ಹಿಂದಿನ ತರ್ಕವೂ ಒಂದೇ: ಮಾಡಬಲ್ಲೆವು, ಆದುದರಿಂದ ಮಾಡೋಣ. ವಿದೇಶದ ಗಡಿಯಾರಗಳ ಆಮದಿಗೆ ತಡೆಯಿದ್ದ ಆ ಕಾಲದಲ್ಲಿ ಈ ತರ್ಕವು ಚೆನ್ನಾಗಿಯೇ ನಡೆಯಿತು. 'ಜನತಾ' ಗಡಿಯಾರಕ್ಕಾಗಿ ಗಿರಾಕಿಯೇ ಕಾಯುತ್ತಿದ್ದನು. ಕಾಯುವ ಗಿರಾಕಿಯ ಅಭಿರುಚಿಯನ್ನು ಯಾರು ವಿಚಾರಿಸುತ್ತಾರೆ!

ಅಷ್ಟರಲ್ಲಿ ಕ್ವಾರ್ಟ್ಸ್ ಹರಳಿನ ಗಡಿಯಾರ ಬಂದಿತು. ಅದಕ್ಕೆ ಕೀಲಿ ಕೊಡಬೇಕಾದುದಿಲ್ಲ. ಕಾಲವನ್ನು ಇನ್ನೂ ನಿಖರವಾಗಿ ತೋರಿಸುತ್ತದೆ. ಎಚ್.ಎಮ್.ಟಿ.ಯೂ ಅದನ್ನು ಮಾಡಿತು. ಆದರೆ ಅದರ ಮನಸ್ಸು ಕೀಲಿಯ ಗಡಿಯಾರದಲ್ಲಿಯೇ ನೆಟ್ಟಿತ್ತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ಉದ್ಯಮ ನಿಗಮವೂ ಕೂಡಿ ಹುಟ್ಟಿಸಿದ ಟೈಟನ್ ಕಂಪೆನಿಯು ನಮ್ಮ ಮಗ್ಗುಲ ಹೊಸೂರಿನಲ್ಲಿ ಕಾರ್ಖಾನೆ ಹೂಡಿ, ಕ್ವಾರ್ಟ್ಸನ್ನೇ ಹಿಡಿಯಿತು. ಗಡಿಯಾರವನ್ನು ಒಡವೆಯಂತೆ ಅಂದವಾದ ಅಂಗಡಿಗಳಲ್ಲಿಟ್ಟು ಮಾರಿತು. ಅದಕ್ಕೆ ಆರಂಭದಲ್ಲಿ ನೆರವಾದ ತಜ್ಞರಲ್ಲಿ ಎಚ್.ಎಮ್.ಟಿ.ಯಲ್ಲಿ ಪಳಗಿದವರೂ ಇದ್ದರು.

1990ರ ದಶಕದಲ್ಲಿ ಟೈಟನ್ ನಿಜವಾದ ಒಡವೆಗೇ ಕೈಹಾಕಿತು. 'ತನಿಷ್ಕ್' ಮೊದಲು ಮಾರಿದುದು 18 ಕ್ಯಾರಟ್ಟಿನ ಚಿನ್ನವನ್ನು. 22 ಕ್ಯಾರಟ್ಟಿಗೆ ಒಗ್ಗಿದ್ದ ನಮ್ಮ ಹೆಂಗಸರಿಗೆ ಅದು ರುಚಿಸಲಿಲ್ಲ, ನಷ್ಟವಾಯಿತು. ಬಳಿಕ 22 ಕ್ಯಾರಟ್ಟಿಗೆ ತಿರುಗಿದ ಕಂಪೆನಿಯು, ಚಿನ್ನವನ್ನು ಕರಗಿಸದೆಯೇ ಅದರ ಶುದ್ಧತೆಯನ್ನು ಅಳೆಯುವ ಯಂತ್ರವನ್ನು ಅಂಗಡಿಯಲ್ಲಿರಿಸಿ, ನಿಮ್ಮ ಬಳೆಗಳನ್ನು ತಂದು ಪರೀಕ್ಷಿಸಿಕೊಳ್ಳಿರೆಂದು ಕರೆಯಿತು. ಬೇರೆಡೆ ಕೊಂಡ ಎಷ್ಟೋ ಒಡವೆಗಳು ಹೇಳಿದ್ದಕ್ಕಿಂತ ಕಡಮೆ ಶುದ್ಧವೆಂದು ಗೊತ್ತಾಯಿತು. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯುಳ್ಳ ನಾಡಿನಲ್ಲಿ ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಇಂದು ಟೈಟನ್ನಿನ ಆದಾಯದ ಬಹುಪಾಲು ಬರುತ್ತಿರುವುದು ಒಡವೆಯಿಂದ, ಗಡಿಯಾರದಿಂದಲ್ಲ.

ಎಚ್.ಎಮ್.ಟಿ.ಯ ಗಡಿಯಾರದ ಕಂಪೆನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿತು. ಸರ್ಕಾರಿ ಸೋಮಾರಿತನದ ಫಲವೆಂದು ಇದಕ್ಕೆ ನಗುವವರುಂಟು. ನನಗೆ ಅದು ನ್ಯಾಯವೆಂದು ತೋರದು. ತುಮಕೂರಿನಲ್ಲಿಯೂ ದೂರದ ಶ್ರೀನಗರದಲ್ಲಿಯೂ ಕಾರ್ಖಾನೆಗಳನ್ನು ತೆರೆದುದು ಲಾಭವೊಂದನ್ನೇ ಎಣಿಸಿ ಅಲ್ಲ. ಊರಿಗೆ ಉದ್ಯೋಗ ಕೊಡುವ ಹೊಣೆಯೂ ಆ ಸಂಸ್ಥೆಯ ಹೆಗಲ ಮೇಲಿತ್ತು. ಟೈಟನ್ನಿಗೆ ಅಂತಹ ಹೊರೆ ಇರಲಿಲ್ಲ.

ಹಾಗೆಂದು ಟೈಟನ್ ಕಾಲಿಟ್ಟಲ್ಲೆಲ್ಲ ಗೆದ್ದಿತೆಂದೂ ಅಲ್ಲ. ಅದೇ ದಶಕದಲ್ಲಿ ಗಡಿಯಾರಗಳನ್ನು ಯೂರೋಪಿಗೆ ಒಯ್ದು, ಭಾರಿ ನಷ್ಟವನ್ನನುಭವಿಸಿ ಹಿಂದಿರುಗಿತು. ಕಾರ್ಖಾನೆಯೂ ಅದೇ, ಕೈಚಳಕವೂ ಅದೇ. ಆದರೆ ಅಲ್ಲಿಯ ಗಿರಾಕಿಗೆ ಆ ಹೆಸರಿನ ಪರಿಚಯವೇ ಇರಲಿಲ್ಲ.