ಅಲ್ಝೈಮರ್ ಅಂದ್ರೆ ‘ಟೈಪ್ 3 ಶುಗರ್’ ಅಂತಾರಲ್ಲ, ಅದೆಷ್ಟು ನಿಜ?

ಈ ವಾರದ ವಿಷಯ ಸ್ವಲ್ಪ ಗಂಭೀರ, ಮಧ್ಯದಲ್ಲಿ ಒಂದೆರಡು ಕಷ್ಟದ ಹೆಸರೂ ಬರುತ್ತೆ. ಬಸ್ಸಲ್ಲಿ ಕೇಳ್ತಿದ್ರೆ ವಾಲ್ಯೂಮ್ ಒಂಚೂರು ಜಾಸ್ತಿ ಮಾಡ್ಕೊಳ್ಳಿ.

ಅಲ್ಝೈಮರ್ ಅಂದ್ರೆ ಟೈಪ್ 3 ಡಯಾಬಿಟಿಸ್, ಸಕ್ಕರೆ-ಅನ್ನ ಬಿಟ್ರೆ ಮರೆವೂ ಹೋಗುತ್ತೆ ಅನ್ನೋ ಥರದ ರೀಲ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲ ಮಾತಿಗೆ ಒಂದಿಷ್ಟು ಆಧಾರ ಇದೆ, ಎರಡನೇದಕ್ಕೆ ಇಲ್ಲ. ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಆದರೆ ನಮ್ಮ ಮನೇಲಿ ಶುಗರ್ ಇರೋ, ಮರೆವು ಶುರುವಾಗಿರೋ ಅಜ್ಜಿ ಇದ್ದಾರೆ. ಅದಕ್ಕೇ ಇದನ್ನ ಕೂತು ಓದಿದ್ದು.

ಈ ಟೈಪ್ 3 ಅನ್ನೋ ಹೆಸರು ಬಂದಿದ್ದು 2005ರಲ್ಲಿ. ಅಮೆರಿಕದ ಬ್ರೌನ್ ಯೂನಿವರ್ಸಿಟಿಯ ಸುಜಾನ್ ಡಿ ಲಾ ಮಾಂಟೆ ಮತ್ತು ಅವರ ತಂಡ, ಅಲ್ಝೈಮರ್‌ನಿಂದ ತೀರಿಕೊಂಡವರ ಮಿದುಳನ್ನ ಪರೀಕ್ಷೆ ಮಾಡಿದಾಗ ಅಲ್ಲಿ ಇನ್ಸುಲಿನ್‌ಗೆ ಸಂಬಂಧಪಟ್ಟ ವ್ಯವಸ್ಥೆಯೇ ಸೊರಗಿರೋದು ಕಂಡಿತು. ಹಾಗಾಗಿ ಆ ಹೆಸರು ಸೂಚಿಸಿದರು. ಅದು ಇವತ್ತಿಗೂ ಅಧಿಕೃತ ಕಾಯಿಲೆಯ ಹೆಸರಲ್ಲ. (ಡಾಕ್ಟರ್ ಚೀಟಿಯಲ್ಲಿ ‘ಟೈಪ್ 3ಸಿ’ ಅಂತ ಕಂಡರೆ ಗಾಬರಿ ಬೇಡ. ಅದು ಮೇದೋಜೀರಕ ಗ್ರಂಥಿ ಹಾಳಾಗಿ ಬರೋ ಶುಗರ್, ಬೇರೆಯದೇ ವಿಷಯ.)

ಶುಗರ್‌ಗೂ ಮರೆವಿಗೂ ನಂಟಿದೆ ಅನ್ನೋದು ಅದಕ್ಕಿಂತ ಮುಂಚೆಯೇ ಗೊತ್ತಿತ್ತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 6,000ಕ್ಕೂ ಹೆಚ್ಚು ಹಿರಿಯರನ್ನ ಗಮನಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶುಗರ್ ಇದ್ದವರಿಗೆ ಡಿಮೆನ್ಷಿಯಾ ಬರೋ ಸಾಧ್ಯತೆ ಸುಮಾರು ಎರಡು ಪಟ್ಟು. ಎರಡು ಪಟ್ಟು ಅಂದ ತಕ್ಷಣ ಎಲ್ಲರಿಗೂ ಬರುತ್ತೆ ಅಂತಲ್ಲ. ಶುಗರ್ ಇರೋ ಬಹಳಷ್ಟು ಜನ ಕೊನೇವರೆಗೂ ಮನೆಯ ಲೆಕ್ಕ ಬಾಯಲ್ಲೇ ಹೇಳ್ತಾರೆ.

ಈಗ ಕಷ್ಟದ ಭಾಗ. ಇನ್ಸುಲಿನ್ ಅಂದ್ರೆ ರಕ್ತದ ಸಕ್ಕರೆಯನ್ನ ಜೀವಕೋಶದ ಒಳಗೆ ಕಳಿಸೋ ಹಾರ್ಮೋನ್ ಅಂತ ಶಾಲೇಲಿ ಓದಿದ್ವಿ. ಆದರೆ ಮಿದುಳು ತನಗೆ ಬೇಕಾದ ಸಕ್ಕರೆಯನ್ನ ಹೆಚ್ಚುಕಡಿಮೆ ಇನ್ಸುಲಿನ್ ಸಹಾಯ ಇಲ್ಲದೆಯೇ ತಗೊಳ್ಳುತ್ತೆ. ಹಾಗಿದ್ದೂ 1978ರಲ್ಲಿ ಇಲಿಯ ಮಿದುಳಲ್ಲಿ ಇನ್ಸುಲಿನ್ ರಿಸೆಪ್ಟರ್‌ಗಳು ಸಿಕ್ಕವು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದಲ್ಲೂ ಇವೆ. ಅಲ್ಲಿ ಅವುಗಳಿಗೇನು ಕೆಲಸ?

ಅಲ್ಲಿ ಇನ್ಸುಲಿನ್ ಒಂದು ಸಂದೇಶ. ಡೆಲಿವರಿ ಹುಡುಗ ಬೆಲ್ ಹೊಡೀತಾನೆ, ಒಳಗಿರೋರು ಎದ್ದು ಕೆಲಸ ಶುರು ಮಾಡ್ತಾರೆ. ನರಕೋಶಗಳ ನಡುವಿನ ಜೋಡಣೆ ಗಟ್ಟಿಯಾಗೋಕೆ ಆ ಬೆಲ್ ಬೇಕು. ಇನ್ನೊಂದು ಕೆಲಸ ಜಿಎಸ್‌ಕೆ-3 ಅನ್ನೋ ಕಿಣ್ವವನ್ನ ಹದ್ದುಬಸ್ತಿನಲ್ಲಿಡೋದು. ಒಳಗಿರೋರು ಹೆಡ್‌ಫೋನ್ ಹಾಕಿ ಕೂತಿದ್ರೆ ಎಷ್ಟು ಬೆಲ್ ಹೊಡೆದರೂ ಕೇಳಲ್ಲ ಅಲ್ವಾ, ಅದೇ ಇನ್ಸುಲಿನ್ ರೆಸಿಸ್ಟೆನ್ಸ್. ಆಗ ಜಿಎಸ್‌ಕೆ-3ಗೆ ಲಗಾಮು ತಪ್ಪುತ್ತೆ. ಅದು ಟೌ ಅನ್ನೋ ಪ್ರೋಟೀನ್‌ಗೆ ಸಿಕ್ಕಾಪಟ್ಟೆ ಫಾಸ್ಫೇಟ್ ಅಂಟಿಸುತ್ತೆ, ಟೌ ತನ್ನ ಜಾಗ ಬಿಟ್ಟು ಗಂಟುಗಂಟಾಗುತ್ತೆ. 1906ರಲ್ಲಿ ಜರ್ಮನಿಯ ಅಲೋಯ್ಸ್ ಅಲ್ಝೈಮರ್ ತಮ್ಮ ರೋಗಿ ಆಗಸ್ಟ್ ಡೀಟರ್ ಅವರ ಮಿದುಳಲ್ಲಿ ಕಂಡು ವಿವರಿಸಿದ ಗಂಟುಗಳು ಇವೇ.

ಅವರು ಗಂಟಿನ ಜೊತೆ ಕಂಡ ಇನ್ನೊಂದು ವಸ್ತು ಪ್ಲಾಕ್, ಅಂದರೆ ಅಮೈಲಾಯ್ಡ್ ಬೀಟಾ ಸೇರಿ ಆಗೋ ಕಲೆ. ನನಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸಿದ್ದು ಇದರ ಕಥೆ. ನಮ್ಮ ದೇಹದಲ್ಲಿ ಬಳಸಿ ಮುಗಿದ ಇನ್ಸುಲಿನ್ ಒಡೆಯೋಕೆ ಐಡಿಇ ಅನ್ನೋ ಕಿಣ್ವ ಇದೆ. ಅದೇ ಕಿಣ್ವ ಅಮೈಲಾಯ್ಡ್ ಅನ್ನೂ ಒಡೆಯುತ್ತೆ. ಕಸದ ಗಾಡಿ ಒಂದೇ, ಕಸ ಎರಡು ಥರ. ಇನ್ಸುಲಿನ್ನೇ ಗಾಡಿ ತುಂಬಿಸಿಬಿಟ್ಟರೆ ಅಮೈಲಾಯ್ಡ್ ಬೀದಿಯಲ್ಲೇ ಉಳಿಯುತ್ತೆ ಅನ್ನೋದು ಒಂದು ವಾದ.

ಕೇಳೋಕೆ ಎಷ್ಟು ನೀಟಾಗಿದೆ ಅಲ್ವಾ? ಲ್ಯಾಬಲ್ಲಿ ಇದಕ್ಕೆ ಪುರಾವೆಯೂ ಇದೆ. ತೊಂದರೆ ಎಲ್ಲಿ ಅಂದ್ರೆ, ಶುಗರ್ ಇದ್ದವರ ಮಿದುಳನ್ನ ಸಾವಿನ ನಂತರ ನೋಡಿದ ಹಲವು ಅಧ್ಯಯನಗಳಲ್ಲಿ ಪ್ಲಾಕ್, ಗಂಟು ಬೇರೆಯವರಿಗಿಂತ ಜಾಸ್ತಿ ಕಾಣಲಿಲ್ಲ. ಜಾಸ್ತಿ ಕಂಡಿದ್ದು ಸಣ್ಣಸಣ್ಣ ಸ್ಟ್ರೋಕ್‌ಗಳ ಗುರುತು. ಕಣ್ಣು, ಕಿಡ್ನಿ, ಪಾದದ ರಕ್ತನಾಳಗಳನ್ನ ಹಾಳು ಮಾಡೋ ಶುಗರ್ ಮಿದುಳಿನ ನಾಳಗಳನ್ನ ಬಿಡುತ್ತಾ? ಹಾಗಾಗಿ ಟೈಪ್ 3 ಅನ್ನೋ ಹೆಸರು ನನಗೆ ಒಪ್ಪಿಗೆಯಾಗಲ್ಲ. ಎರಡು ಮೂರು ದಾರಿಯಿಂದ ಬರೋ ಹಾನಿಗೆ ಒಂದೇ ಬೋರ್ಡ್ ಹಾಕಿದ ಹಾಗಾಗುತ್ತೆ.

ಔಷಧಿ ಪ್ರಯೋಗಗಳೂ ಅದನ್ನೇ ಹೇಳ್ತಿವೆ. ಮೂಗಿನ ಮೂಲಕ ಇನ್ಸುಲಿನ್ ಸ್ಪ್ರೇ ಕೊಟ್ಟು ನೋಡಿದರು. ಚಿಕ್ಕ ಪ್ರಯೋಗದಲ್ಲಿ ಆಸೆ ಹುಟ್ಟಿತು, 289 ಜನರ ಮೇಲೆ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ತೂಕ ಇಳಿಸೋಕೆ ಫೇಮಸ್ ಆಗಿರೋ ಸೆಮಾಗ್ಲುಟೈಡ್ ಕೂಡ ಶುಗರ್ ಔಷಧಿಯೇ. ಅದನ್ನ ಮಾತ್ರೆ ರೂಪದಲ್ಲಿ ಶುರುವಿನ ಹಂತದ ಅಲ್ಝೈಮರ್ ರೋಗಿಗಳಿಗೆ ಕೊಟ್ಟ ಎರಡು ದೊಡ್ಡ ಪ್ರಯೋಗಗಳಲ್ಲೂ ಕಾಯಿಲೆ ನಿಧಾನ ಆಗಲಿಲ್ಲ ಅಂತ 2025ರ ನವೆಂಬರ್‌ನಲ್ಲಿ ಗೊತ್ತಾಯಿತು.

ಅಂದ್ರೆ ಮರೆವು ಶುರುವಾದ ಮೇಲೆ ಇನ್ಸುಲಿನ್ ದಾರಿ ರಿಪೇರಿ ಮಾಡೋಕೆ ಹೋದರೆ ತಡವಾಗಿರಬಹುದು. ಶುಗರ್ ಯಾವ ವಯಸ್ಸಿಗೆ ಬಂತು ಅನ್ನೋದು ಮುಖ್ಯ ಆಗೋದು ಇಲ್ಲೇ. ಬ್ರಿಟನ್ನಿನ ಸರ್ಕಾರಿ ನೌಕರರನ್ನ ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, 70ನೇ ವಯಸ್ಸಿಗೆ ನೋಡಿದಾಗ, ಶುಗರ್ ಪ್ರತಿ ಐದು ವರ್ಷ ಬೇಗ ಬಂದಿದ್ದಕ್ಕೂ ಡಿಮೆನ್ಷಿಯಾ ರಿಸ್ಕ್ ಸುಮಾರು 24% ಜಾಸ್ತಿ ಇತ್ತು. ಐಸಿಎಂಆರ್‌ನ 2023ರ ಅಂದಾಜಲ್ಲಿ ಭಾರತದಲ್ಲಿ ಶುಗರ್ ಇರೋರು 10.1 ಕೋಟಿ, ಬಾರ್ಡರ್‌ನಲ್ಲಿರೋರು 13.6 ಕೋಟಿ. ಆ ಬಾರ್ಡರ್ ಲಿಸ್ಟಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ರಾತ್ರಿ ಶಿಫ್ಟ್ ಮುಗಿಸಿ ಬೆಳಗಿನ ಜಾವ ಬಿರಿಯಾನಿಗೆ ಹೋಗೋ ಗೆಳೆಯರೇ, ಎಚ್‌ಬಿಎ1ಸಿ ಅಂತ ಒಂದು ರಕ್ತ ಪರೀಕ್ಷೆ ಇದೆ. ಉಪವಾಸ ಇರೋದೂ ಬೇಡ.

ಇನ್ನು ಮನೆಯ ಹಿರಿಯರ ವಿಷಯ. ನಮ್ಮಜ್ಜಿ ಮಾತ್ರೆ ನುಂಗಿದ್ದೇ ಮರೆತು ಇನ್ನೊಂದು ನುಂಗ್ತಾರೆ, ಊಟ ಆಯ್ತು ಅಂತ ಊಟ ಬಿಡ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಇದರಿಂದ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಬ್ಬಿಬ್ಬು. ನೋಡಿದವರು ಮರೆವು ಜಾಸ್ತಿಯಾಯ್ತು ಅಂದ್ಕೋತಾರೆ. ತೀವ್ರವಾಗಿ ಶುಗರ್ ಇಳಿದು ಆಸ್ಪತ್ರೆ ಸೇರಿದ್ದ ಹಿರಿಯರಲ್ಲಿ ಮುಂದೆ ಡಿಮೆನ್ಷಿಯಾ ಹೆಚ್ಚು ಅಂತ 2009ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತ್ತು. ರೀಲ್ ನೋಡಿ ಅನ್ನ-ರೊಟ್ಟಿ ಏಕಾಏಕಿ ನಿಲ್ಲಿಸಿ, ಮಾತ್ರೆ ಡೋಸ್ ಹಾಗೇ ಬಿಟ್ಟರೆ ಆಗೋದೂ ಇದೇ. ಅದಕ್ಕೇ ಮರೆವಿರೋ ಹಿರಿಯರಿಗೆ ಶುಗರ್ ಗುರಿಯನ್ನ ಡಾಕ್ಟರ್‌ಗಳು ಸ್ವಲ್ಪ ಸಡಿಲವಾಗೇ ಇಡ್ತಾರೆ. ನಾವೀಗ ವಾರದ ಮಾತ್ರೆ ಡಬ್ಬಿ ತಂದಿದ್ದೀವಿ, ಕೀಲಿ ಅಮ್ಮನ ಹತ್ರ.

ಹಾಂ, ಬಿ12 ಮರೆತಿದ್ದೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ದೇಹದಲ್ಲಿ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಇನ್ನೂ ಸುಲಭವಾಗಿ. ಅದರಿಂದಲೂ ಮರೆವು, ಗೊಂದಲ ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಟೆಸ್ಟ್ ಮಾಡಿಸೋಣವಾ ಅಂತ ಡಾಕ್ಟರನ್ನ ಕೇಳಿ.

ಇಲ್ಲಿ ಹೇಳಿದ ಅಂಕಿಗಳು ಬಹುಪಾಲು ಯುರೋಪ್, ಅಮೆರಿಕದವು. ನಮ್ಮದೇ ಜನರ ಲೆಕ್ಕಕ್ಕೆ ಬೆಂಗಳೂರಿನ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನ ದೀರ್ಘಕಾಲ ಗಮನಿಸೋ ಅಧ್ಯಯನ ನಡೆಸ್ತಿದೆ.

ಕೊನೇದಾಗಿ, ಲ್ಯಾನ್ಸೆಟ್ ಆಯೋಗ 2024ರಲ್ಲಿ ಡಿಮೆನ್ಷಿಯಾಗೆ ಕಾರಣವಾಗೋ, ನಾವು ಬದಲಾಯಿಸಬಹುದಾದ 14 ಅಂಶಗಳ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಶುಗರ್ ಪಾಲು ಸುಮಾರು 2%. ಕಿವಿ ಮಂದವಾಗೋದರ ಪಾಲು 7%! ಮುಂದಿನ ವಾರ ಕಿವಿ ಬಗ್ಗೆ ಮಾತಾಡೋಣ. ಶುರುವಲ್ಲಿ ಜಾಸ್ತಿ ಮಾಡಿಸಿದ್ನಲ್ಲ ವಾಲ್ಯೂಮ್, ಈಗ ಇಳಿಸಬಹುದು.