ಮಹಾವಿದ್ಯಾಲಯದ ಆಯ್ಕೆಯೂ ಪದವೀಧರರ ಸಂಪಾದನೆಯೂ



ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಭಕ್ತರು ಮಠಕ್ಕೆ ಬಂದಾಗ ಕೇಳುವ ಪ್ರಶ್ನೆಯೊಂದುಂಟು: ಮಗನನ್ನು ಯಾವ ಕಾಲೇಜಿಗೆ ಸೇರಿಸಿದರೆ ಮುಂದೆ ಹೆಚ್ಚು ಸಂಬಳ ದೊರೆತೀತು? ಅದಕ್ಕಾಗಿ ಹೊಲವನ್ನು ಒತ್ತೆಯಿಡಲೂ ಕೆಲವರು ಸಿದ್ಧರಿರುವರು. ಶಾಸ್ತ್ರಪಾಠ ಹೇಳುವವನಿಗೇಕೆ ಈ ಲೆಕ್ಕವೆನ್ನಬೇಡಿರಿ.

ಹೆಸರಾಂತ ವಿದ್ಯಾಲಯದ ಪದವೀಧರರು ಹೆಚ್ಚು ಗಳಿಸುವದು ನಿಜ. ಆದರೆ ಅದು ವಿದ್ಯಾಲಯದ ಫಲವೋ, ಅಲ್ಲಿಗೆ ಆಯ್ದು ಬಂದ ವಿದ್ಯಾರ್ಥಿಯ ಫಲವೋ? ಎರೆಭೂಮಿಯ ಬೆಳೆಯನ್ನು ಕಂಡು ಬಿತ್ತಿದವನನ್ನಷ್ಟೇ ಹೊಗಳುವದು ಸರಿಯಲ್ಲ. ಅಮೆರಿಕದ ಡೇಲ್ ಹಾಗೂ ಕ್ರೂಗರ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದೇ ದರ್ಜೆಯ ವಿದ್ಯಾಲಯಗಳಲ್ಲಿ ಪ್ರವೇಶ ದೊರೆತವರನ್ನೇ ಪರಸ್ಪರ ಹೋಲಿಸಿದರು. ಅವರಲ್ಲಿ ಕಠಿಣ ಆಯ್ಕೆಯ ವಿದ್ಯಾಲಯವನ್ನು ಸೇರಿದವರಿಗೆ ಸಾಮಾನ್ಯವಾಗಿ ಅಧಿಕ ಸಂಪಾದನೆಯೇನೂ ಆಗಿರಲಿಲ್ಲ. ಬಡಮನೆತನದ ಮಕ್ಕಳಿಗೆ ಮಾತ್ರ ಲಾಭವು ಕಂಡುಬಂದಿತು. ಶ್ರೀಮಂತರ ಮಗನಿಗೆ ಪರಿಚಯದ ಬಲವು ಮನೆಯಲ್ಲಿಯೇ ಉಂಟು, ಬಡವನಿಗೆ ಅದು ವಿದ್ಯಾಲಯದಲ್ಲಿಯೇ ದೊರೆಯಬೇಕು. ಕಾರಣವು ಇದೆಂದೇ ನನಗೆ ತೋರುವದು.

ಹಳಿಯಾಳದಲ್ಲಿ 2004ರಿಂದ ಕರ್ನಾಟಕ ಲಾ ಸೊಸಾಯಿಟಿಯ ಇಂಜಿನಿಯರಿಂಗ್ ವಿದ್ಯಾಲಯವಿದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಂಗಳೂರಿನ ಅನೇಕ ವಿದ್ಯಾಲಯಗಳೂ ಇದೂ ಕೊಡಿಸುವ ಪದವಿ ಒಂದೇ. ಉದ್ಯೋಗ ಕೊಡುವ ಕಂಪನಿಗಳು ಬೆಂಗಳೂರಿಗೆ ಹೆಚ್ಚು ಬರುವದು ದಿಟ. ಆದರೆ ಸಮೀಪದಲ್ಲಿ ಓದಿದವನ ಊಟ-ವಸತಿಯ ವೆಚ್ಚವು ಉಳಿಯುವದು. ಜೋಯಿಡಾದ ಅಡವಿಯ ಹಳ್ಳಿಯ ಹೆಣ್ಣುಮಗಳಿಗಂತೂ ಹಲವು ಸಲ ಪ್ರಶ್ನೆಯೇ ಬೇರೆ: ಸಮೀಪದ ವಿದ್ಯಾಲಯ, ಇಲ್ಲವೇ ಓದಿಗೆ ಮುಕ್ತಾಯ.

ವಿದ್ಯಾಲಯದವರು ಅತ್ಯಧಿಕ ಸಂಬಳ ಪಡೆದ ಒಬ್ಬನ ಭಾವಚಿತ್ರವನ್ನು ತೋರಿಸುವರು. ನಡುವಿನ ವಿದ್ಯಾರ್ಥಿಗೆ ಏನು ದೊರೆಯಿತು, ಎಷ್ಟು ಮಂದಿಗೆ ಏನೂ ದೊರೆಯಲಿಲ್ಲವೆಂದು ಕೇಳಿರಿ. ಹೊಲದ ಕಾಗದವು ಪೆಟ್ಟಿಗೆಯಿಂದ ಹೊರಬರುವದು ಅದರ ಬಳಿಕವಾಗಲಿ.